ಗಣಕಯಂತ್ರವನ್ನು ಅಳಿಸುವ ಮುನ್ನ

ದೀಪಾವಳಿಗೋ ಯುಗಾದಿಗೋ ಮನೆಗೆ ಸುಣ್ಣ ಬಳಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಸುಣ್ಣದವನು ಬರುವ ಮುನ್ನಾದಿನ ಮನೆಯ ಯಜಮಾನಿ ಅಟ್ಟದಿಂದ ಹಿಡಿದು ದೇವರ ಗೂಡಿನವರೆಗೆ ಪ್ರತಿಯೊಂದು ಪದಾರ್ಥವನ್ನೂ ತಾನೇ ಕೈಯಾರೆ ಇಳಿಸಿ ಹೊರಗಿಡುವಳೇ ಹೊರತು ಆ ಕೆಲಸವನ್ನು ಸುಣ್ಣದವನಿಗೆ ವಹಿಸುವುದಿಲ್ಲ. ಯಾವ ಡಬ್ಬಿಯಲ್ಲಿ ಏನಿದೆಯೆಂಬುದು ಅವನಿಗೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ. ಆದರೆ ಅದೇ ಮನೆಯ ಗಣಕಯಂತ್ರವನ್ನು ಅಳಿಸಿ ಹೊಸದಾಗಿ ಸಜ್ಜುಗೊಳಿಸುವ, ಅಂದರೆ ರೂಢಿಯ ಮಾತಿನಲ್ಲಿ ಫಾರ್ಮ್ಯಾಟ್ ಮಾಡಿಸುವ ಪ್ರಸಂಗ ಬಂದಾಗ ಮಾತ್ರ ನಾವು ಈ ವಿವೇಕವನ್ನು ಮರೆತು, ಯಂತ್ರವನ್ನು ರಿಪೇರಿಯ ಹುಡುಗನ ಕೈಗೆ ಒಪ್ಪಿಸಿ, ಅವನಿಗೆ ಚಹಾ ತರಲೆಂದು ಒಳಗೆ ಹೋಗಿಬಿಡುತ್ತೇವೆ. ಇದು ತಪ್ಪೆಂಬುದೂ, ಕನ್ನಡನಾಡಿನಿಂದ ದೂರ ನೆಲೆಸಿರುವ ನಮ್ಮಂಥವರಿಗೆ ಈ ತಪ್ಪಿನಿಂದ ಒದಗುವ ನಷ್ಟ ಇತರರ ನಷ್ಟಕ್ಕಿಂತ ದೊಡ್ಡದೆಂಬುದೂ ಈ ಲೇಖನದ ವಾದ.

ವಿಷಯವನ್ನು ಈಗ ಎತ್ತಲು ಕಾರಣವಿದೆ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಎಲ್ಲರಿಗೂ ಉಚಿತವಾಗಿ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಇದಕ್ಕೆ ಮೊದಲು 2020ರ ಜನವರಿ 14ರಂದು ವಿಂಡೋಸ್ 7ಕ್ಕೂ, 2014ರ ಏಪ್ರಿಲ್ 8ರಂದು ಎಕ್ಸ್‌ಪಿಗೂ ಇದೇ ಗತಿಯಾಗಿತ್ತು. ಇಂಥ ಪ್ರತಿಯೊಂದು ತಿರುವಿನಲ್ಲಿಯೂ ಹಳೆಯ ಯಂತ್ರಗಳನ್ನು ಅಳಿಸುವ, ಬದಲಿಸುವ, ಬಂಧುಗಳಿಗೆ ದಾನ ಮಾಡುವ ಕಾರ್ಯ ಮನೆಮನೆಯಲ್ಲಿ ನಡೆಯುತ್ತದೆ. ಆ ಗಡಿಬಿಡಿಯಲ್ಲಿ ಏನೇನು ಹೋಯಿತೆಂಬ ಅರಿವು ಬರುವುದು ಎಷ್ಟೋ ತಿಂಗಳುಗಳ ಮೇಲೆ.

ಇದು ನನ್ನ ಸ್ವಂತ ಅನುಭವದ ಮಾತು. 2020ರ ಜನವರಿಯಲ್ಲಿ, ವಿಂಡೋಸ್ 7ರ ಅವಧಿ ಮುಗಿದ ವಾರದಲ್ಲಿಯೇ, ಮುಂಬಯಿಯ ನಮ್ಮ ಮನೆಯ ಯಂತ್ರವನ್ನು ನಾನು ಫಾರ್ಮ್ಯಾಟ್ ಮಾಡಿಸಿದೆ. ಬಂದ ಹುಡುಗ ಸಭ್ಯ, ಕೆಲಸ ಬಲ್ಲವನು. ಮುಖ್ಯವಾದುದು ಏನಾದರೂ ಇದೆಯೇ ಎಂದು ಅವನು ಎರಡು ಸಲ ಕೇಳಿದ. ಡೆಸ್ಕ್‌ಟಾಪಿನಲ್ಲಿರುವುದನ್ನೂ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿರುವುದನ್ನೂ ಡಿ ಡ್ರೈವಿಗೆ ಹಾಕಿದರೆ ಸಾಕೆಂದು ನಾನೇ ಹೇಳಿದೆ. ಅವನು ಹೇಳಿದಷ್ಟನ್ನು ಚಾಚೂ ತಪ್ಪದೆ ಮಾಡಿಹೋದ. ತಪ್ಪು ಅವನದಲ್ಲ.

ನಮ್ಮ ತಾಯಿಯವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇದ್ದುವು. ಅವರ ತಪಾಸಣೆಯ ಅಂಕಿಗಳನ್ನೂ, ಯಾವ ತಿಂಗಳು ಯಾವ ಮಾತ್ರೆ ಬದಲಾಯಿತು, ಏಕೆ ಬದಲಾಯಿತು ಎಂಬ ಟಿಪ್ಪಣಿಯನ್ನೂ 2009ರಿಂದ ಒಂದು ಪುಟ್ಟ ತಂತ್ರಾಂಶದಲ್ಲಿ ನಾನು ಬರೆದಿಡುತ್ತಿದ್ದೆ. ಆ ತಂತ್ರಾಂಶ ತನ್ನ ದಾಖಲೆಗಳನ್ನು ಡಾಕ್ಯುಮೆಂಟ್ಸ್‌ನಲ್ಲಿ ಇಡುತ್ತಿರಲಿಲ್ಲ. ಸಿ ಡ್ರೈವಿನೊಳಗಿನ, ಸಾಮಾನ್ಯವಾಗಿ ಕಣ್ಣಿಗೆ ಕಾಣದ ಒಂದು ಗುಪ್ತ ಫೋಲ್ಡರಿನಲ್ಲಿ ಇಡುತ್ತಿತ್ತು. ಹನ್ನೊಂದು ವರ್ಷಗಳ ದಾಖಲೆ ಒಂದು ಗಂಟೆಯಲ್ಲಿ ಇಲ್ಲವಾಯಿತು. ಮರುವರ್ಷ ತಾಯಿಯವರನ್ನು ನೋಡಿದ ಹೊಸ ವೈದ್ಯರು ಹಿಂದೆ ಒತ್ತಡಕ್ಕೆ ಯಾವ ಯಾವ ಔಷಧ ಕೊಟ್ಟಿದ್ದರೆಂದು ಕೇಳಿದಾಗ ನಮಗೆ ಹೇಳಲಾಗಲಿಲ್ಲ. ಅವರು ನ್ಯಾಯವಾಗಿಯೇ ರಾಮಿಪ್ರಿಲ್ ಬರೆದುಕೊಟ್ಟರು. ಆ ವರ್ಗದ ಔಷಧಗಳಿಂದ ಕೆಲವರಿಗೆ ಒಣಕೆಮ್ಮು ಬರುವುದು ವೈದ್ಯಲೋಕಕ್ಕೆ ತಿಳಿದ ವಿಷಯ. ತಾಯಿಯವರು ಮೂರು ವಾರ ರಾತ್ರಿಯೆಲ್ಲ ಕೆಮ್ಮಿದ ಮೇಲೆ, ಏಳೆಂಟು ವರ್ಷಗಳ ಹಿಂದೆಯೂ ಇದೇ ಮಾತ್ರೆಯಿಂದ ಹೀಗೆಯೇ ಆಗಿತ್ತೆಂಬುದು ನನ್ನ ತಂಗಿಗೆ ನೆನಪಾಯಿತು. ಅದನ್ನು ಅಂದೇ ನಾನು ಬರೆದಿಟ್ಟಿದ್ದೆ, ಬರೆದಿಟ್ಟುದನ್ನು ಉಳಿಸಿಕೊಂಡಿರಲಿಲ್ಲ.

ಎರಡನೆಯ ನಷ್ಟ ಬೇರೊಂದು ಬಗೆಯದು. ನಮ್ಮ ತಂದೆಯವರು ನಿವೃತ್ತರಾದ ಮೇಲೆ ತಮ್ಮ ಬಾಲ್ಯದ ನೆನಪುಗಳನ್ನು 'ನುಡಿ' ತಂತ್ರಾಂಶದಲ್ಲಿ ಒಂದೊಂದೇ ಅಕ್ಷರ ಹುಡುಕಿ ಬೆರಳಚ್ಚು ಮಾಡಿದ್ದರು, ನೂರನಲವತ್ತು ಪುಟ. ಆ ಕಡತಗಳು ಡಿ ಡ್ರೈವಿನಲ್ಲಿ ಸುರಕ್ಷಿತವಾಗಿದ್ದುವು. ಆದರೆ ಅವರು ತೀರಿಕೊಂಡ ಮೇಲೆ ಒಂದು ದಿನ ನನ್ನ ಮಗಳು ತೆರೆದು ನೋಡಿದಾಗ ಪರದೆಯ ಮೇಲೆ ಕಂಡದ್ದು ತಲೆಯ ಮೇಲೆ ಕೊಂಬು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ರಾಶಿ. ವೈರಸ್ ತಿಂದಿರಬೇಕು, ಅಳಿಸಿಬಿಡಲೇ ಎಂದು ಅವಳು ಕೇಳಿದಳು. ಅವಳು ಕೇಳಿದ್ದರಿಂದ ಅವು ಉಳಿದುವು.

ಈ ಎರಡು ಪ್ರಸಂಗಗಳನ್ನು ಜೊತೆಯಾಗಿ ನೋಡಿದರೆ ಒಂದು ತತ್ತ್ವ ಹೊಳೆಯುತ್ತದೆ. ಮೊದಲನೆಯದರಲ್ಲಿ ದತ್ತಾಂಶವೇ ಹೋಯಿತು. ಎರಡನೆಯದರಲ್ಲಿ ದತ್ತಾಂಶವಿದ್ದರೂ ಅದನ್ನು ಓದುವ ಸಾಧನ ಹೋಗಿತ್ತು. ಬೀಗ ಹಾಕಿದ ಪೆಟ್ಟಿಗೆಯನ್ನು ಕಾಪಾಡಿ ಕೀಲಿಕೈಯನ್ನು ಕಸದೊಡನೆ ಚೆಲ್ಲಿದವನಿಗೆ ಪೆಟ್ಟಿಗೆಯಿದ್ದೂ ಪ್ರಯೋಜನವೇನು? ಆದುದರಿಂದ ಯಂತ್ರವನ್ನು ಅಳಿಸುವ ಮುನ್ನ ಕಡತಗಳನ್ನು ನಕಲು ಮಾಡಿದರೆ ಸಾಲದು. ಅವುಗಳನ್ನು ತೆರೆಯುವ ತಂತ್ರಾಂಶವನ್ನು ಮರಳಿ ಸ್ಥಾಪಿಸುವ ದಾರಿಯನ್ನೂ ಕಾಯ್ದಿರಿಸಬೇಕು.

ಇಲ್ಲಿ ಸ್ವಲ್ಪ ತಾಂತ್ರಿಕ ವಿವರ ಅನಿವಾರ್ಯ. ಗಣಕಯಂತ್ರದಲ್ಲಿ ಮೂರು ಬಗೆಯ ವಸ್ತುಗಳಿರುತ್ತವೆ: ಯಂತ್ರವನ್ನು ನಡೆಸುವ ವ್ಯವಸ್ಥೆ, ಅದರ ಮೇಲೆ ಸ್ಥಾಪಿಸಿದ ತಂತ್ರಾಂಶಗಳು, ನಾವು ಸೃಷ್ಟಿಸಿದ ದತ್ತಾಂಶ. ಇವುಗಳಲ್ಲಿ ವ್ಯವಸ್ಥೆಯನ್ನು ಹೊಸದಾಗಿ ಪಡೆಯಬಹುದು. ಸ್ಥಾಪಿತವಾದ ತಂತ್ರಾಂಶದ ಫೋಲ್ಡರನ್ನು ಎತ್ತಿ ಬೇರೆ ಕಡೆ ಇಟ್ಟುಕೊಂಡರೆ ಸಾಮಾನ್ಯವಾಗಿ ಅದು ಮುಂದೆ ನಡೆಯದು. ಏಕೆಂದರೆ ಸ್ಥಾಪನೆಯಾಗುವಾಗ ಅದು ರಿಜಿಸ್ಟ್ರಿಯೆಂಬ ದಫ್ತರಿನಲ್ಲಿ ತನ್ನ ಹೆಸರು ಬರೆಯಿಸಿರುತ್ತದೆ. ಫಾರ್ಮ್ಯಾಟಿನಲ್ಲಿ ಆ ದಫ್ತರೇ ಅಳಿಯುತ್ತದೆ. ಆದುದರಿಂದ ಕಾಪಾಡಬೇಕಾದುದು ತಂತ್ರಾಂಶದ ಮೂಲ ಸ್ಥಾಪನಾ ಕಡತವನ್ನು ಮತ್ತು ಅದರ ಪರವಾನಗಿಯ ಸಂಖ್ಯೆಯನ್ನು. ಕೆಲವು ತಂತ್ರಾಂಶಗಳ ಪರವಾನಗಿಯನ್ನು ಅಳಿಸುವ ಮುನ್ನವೇ ಹಿಂದಿರುಗಿಸಬೇಕಾಗುತ್ತದೆ. ಲೆಕ್ಕಪತ್ರಕ್ಕಾಗಿ ಟ್ಯಾಲಿ ಬಳಸುವ ನಮ್ಮ ವ್ಯಾಪಾರಿ ಬಂಧುಗಳು ಮೊದಲು ಟ್ಯಾಲಿಯೊಳಗಿನಿಂದಲೇ ಬ್ಯಾಕಪ್ ತೆಗೆದು, ಪರವಾನಗಿಯನ್ನು ಸರೆಂಡರ್ ಮಾಡಿ, ಆಮೇಲೆ ಯಂತ್ರಕ್ಕೆ ಕೈ ಹಚ್ಚಿಸುವುದು ಲೇಸು.

ದತ್ತಾಂಶದ ವಿಷಯದಲ್ಲಿ ನಾವು ಮಾಡುವ ತಪ್ಪು, ಅದನ್ನು ಸ್ಥಳದಿಂದ ಗುರುತಿಸುವುದು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೋಗಳು ಎಂದು ಪಟ್ಟಿ ಮಾಡುತ್ತೇವೆ. ನನ್ನ ಸಲಹೆಯೆಂದರೆ ಕೆಲಸದಿಂದ ಗುರುತಿಸಬೇಕು. ಈ ಯಂತ್ರದಲ್ಲಿ ಕಳೆದ ಒಂದು ವರ್ಷದಲ್ಲಿ ಮನೆಯ ಪ್ರತಿಯೊಬ್ಬರೂ ಏನೇನು ಮಾಡಿದರು ಎಂದು ಕಾಗದದ ಮೇಲೆ ಬರೆಯಿರಿ. ಪತ್ರ ಬರೆದೆವು, ಲೆಕ್ಕ ಇಟ್ಟೆವು, ಅಂಚೆ ಓದಿದೆವು, ಪಾಸ್‌ವರ್ಡುಗಳನ್ನು ಬ್ರೌಸರಿನ ನೆನಪಿಗೆ ಬಿಟ್ಟೆವು, ತಾಯಿಯ ಸಕ್ಕರೆಯ ಅಂಕಿ ಬರೆದೆವು. ಬಳಿಕ ಒಂದೊಂದು ಕೆಲಸಕ್ಕೂ ಯಾವ ತಂತ್ರಾಂಶ, ಅದು ದಾಖಲೆಯನ್ನು ಎಲ್ಲಿ ಇಡುತ್ತದೆ ಎಂದು ಕೇಳಿರಿ. ಆ್ಯಪ್‌ಡೇಟಾ, ಪ್ರೋಗ್ರಾಂಡೇಟಾ ಎಂಬ ಎರಡು ಗುಪ್ತ ಫೋಲ್ಡರುಗಳು ಎಷ್ಟೋ ಮನೆಗಳ ಸಂಪತ್ತನ್ನು ಹೊಟ್ಟೆಯಲ್ಲಿಟ್ಟುಕೊಂಡಿರುತ್ತವೆ. ತಂತ್ರಾಂಶದೊಳಗೆ ಎಕ್ಸ್‌ಪೋರ್ಟ್ ಅಥವಾ ಬ್ಯಾಕಪ್ ಎಂಬ ಸೌಲಭ್ಯವಿದ್ದರೆ ಮೊದಲು ಅದನ್ನೇ ಬಳಸಬೇಕು. ಅಂಕಿಗಳ ಪಟ್ಟಿಯಾಗಿದ್ದರೆ ಯಾವ ಯಂತ್ರದಲ್ಲಾದರೂ ತೆರೆಯಬಹುದಾದ ಸರಳ ರೂಪದಲ್ಲಿ ಒಂದು ಪ್ರತಿಯನ್ನು ಹೊರತೆಗೆದಿಡಬೇಕು. ನಮ್ಮ ತಾಯಿಯವರ ದಾಖಲೆಯನ್ನು ವರ್ಷಕ್ಕೊಮ್ಮೆ ಹಾಗೆ ಮುದ್ರಿಸಿ ಫೈಲಿನಲ್ಲಿ ಸೇರಿಸಿದ್ದರೆ ಸಾಕಾಗಿತ್ತು.

ಆರೋಗ್ಯದ ಲೇಖನಗಳಿಗೆ ಪ್ರತಿ ವರ್ಷ ಸ್ಥಾನ ಕೊಡುವ ಈ ಸಂಚಿಕೆಯ ವಾಚಕರಿಗೆ ಇನ್ನೊಂದು ಮಾತು. ಸಿಟಿ, ಎಂ.ಆರ್.ಐ. ಪರೀಕ್ಷೆಗಳಾದಾಗ ಆಸ್ಪತ್ರೆಗಳು ಬಹುಕಾಲ ಸಿ.ಡಿ.ಗಳನ್ನು ಕೊಡುತ್ತಿದ್ದುವು, ಎಷ್ಟೋ ಕಡೆ ಈಗಲೂ ಕೊಡುತ್ತವೆ. ಅವುಗಳಲ್ಲಿರುವುದು ಸಾಮಾನ್ಯ ಛಾಯಾಚಿತ್ರವಲ್ಲ. ಡೈಕಾಂ ಎಂಬ ವಿಶಿಷ್ಟ ರೂಪದ ನೂರಾರು ಚಿತ್ರಗಳು, ಬಹುಪಾಲು ಅವುಗಳನ್ನು ತೋರಿಸುವ ತಂತ್ರಾಂಶದೊಡನೆ. ಇಂದಿನ ಹೊಸ ಯಂತ್ರಗಳಲ್ಲಿ ಸಿ.ಡಿ. ಹಾಕುವ ಬಾಯಿಯೇ ಸಾಮಾನ್ಯವಾಗಿ ಇರುವುದಿಲ್ಲ. ಹಳೆಯ ಯಂತ್ರವನ್ನು ವಿಲೇವಾರಿ ಮಾಡುವ ಮುನ್ನವೇ ಪ್ರತಿಯೊಂದು ತಟ್ಟೆಯಲ್ಲಿರುವುದೆಲ್ಲವನ್ನೂ, ಒಂದೆರಡು ಚಿತ್ರಗಳನ್ನು ಆರಿಸದೆ, ಒಂದೊಂದು ಫೋಲ್ಡರಿಗೆ ಪೂರ್ತಿಯಾಗಿ ಇಳಿಸಿ, ರೋಗಿಯ ಹೆಸರನ್ನೂ ದಿನಾಂಕವನ್ನೂ ಬರೆಯಬೇಕು. ಹೊಸ ಚಿತ್ರವನ್ನು ನೋಡುವ ವೈದ್ಯರಿಗೆ ಹೋಲಿಕೆಗೆ ಹಳೆಯ ಚಿತ್ರ ದೊರೆತರೆ, ಗಂಟು ಬೆಳೆದಿದೆಯೋ ಇದ್ದಂತೆಯೇ ಇದೆಯೋ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಾಗುತ್ತದೆ.

ಇನ್ನು ಕನ್ನಡದ ವಿಷಯ. ನಾವು ಹೊರನಾಡಿನವರು ವಿಶೇಷವಾಗಿ ಯೋಚಿಸಬೇಕಾದುದು ಇಲ್ಲಿಯೇ.

ಯೂನಿಕೋಡ್ ಎಂಬ ವಿಶ್ವಮಾನ್ಯ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಎಂಬ ಕನ್ನಡ ಅಕ್ಷರರೂಪವೂ ಬಂದಿತು. ಆದರೂ ಮನೆಗಳಲ್ಲಿ, ಮುದ್ರಣಾಲಯಗಳಲ್ಲಿ ಬಹುಕಾಲ ನಡೆದುದು ಹಳೆಯ ಪದ್ಧತಿಯೇ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಪುಣೆಯಲ್ಲಿ ಹುಟ್ಟಿದ 'ಶ್ರೀಲಿಪಿ' ಮುಂತಾದುವು ಕನ್ನಡಕ್ಕೆ ಮಾಡಿದ ಉಪಕಾರ ಅಪಾರ. ಅವಿಲ್ಲದಿದ್ದರೆ ನಮ್ಮ ತಂದೆಯವರಂಥವರು ಬರೆಯುತ್ತಲೇ ಇರಲಿಲ್ಲ. ಆದರೆ ಅವುಗಳ ಹಳೆಯ ಸಂಕೇತದಲ್ಲಿ ಉಳಿಸಿದ ಕಡತದೊಳಗೆ ನಿಜವಾಗಿ ಇರುವುದು ಕನ್ನಡವಲ್ಲ. ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಚಿತ್ರವಾಗಿ ಕೂರಿಸಿದ ಫಾಂಟು ಯಂತ್ರದಲ್ಲಿದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಆ ಫಾಂಟು ಇರುವುದು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ. ಅಳಿಸಿದಾಗ ಮೊದಲು ಹೋಗುವುದೂ ಅದೇ. 'ಬರಹ'ದ ಸ್ವಂತ ಸಂಪಾದಕದಲ್ಲಿ ಉಳಿಸಿದ, ಹೆಸರಿನ ಕೊನೆಗೆ ಬಿ.ಆರ್.ಎಚ್. ಎಂಬ ಬಾಲವಿರುವ ಕಡತಗಳಿಗಂತೂ ಆ ತಂತ್ರಾಂಶವೇ ಬೇಕು.

ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಇಂಥ ಕಡತವನ್ನು ಕಂಡ ಡಿ.ಟಿ.ಪಿ. ಅಂಗಡಿಯ ಹುಡುಗ, ಇದು ನುಡಿಯದು, ಫಾಂಟು ಹಾಕಿದರೆ ಸರಿಹೋಗುತ್ತದೆ ಎಂದು ಒಂದು ನೋಟದಲ್ಲಿ ಹೇಳಿಯಾನು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ, ಚೆನ್ನೈಯ ರಿಚಿ ಬೀದಿಯಲ್ಲಿ, ದೆಹಲಿಯ ನೆಹರೂ ಪ್ಲೇಸ್‌ನಲ್ಲಿ ಹಾಗೆ ಗುರುತಿಸುವವರನ್ನು ಎಲ್ಲಿ ಹುಡುಕೋಣ? ಅಲ್ಲಿಯ ಕುಶಲರ ಕಣ್ಣಿಗೆ ಅದು ಕೆಟ್ಟುಹೋದ ಕಡತ. ಮನೆಯಲ್ಲಿ ನಮ್ಮ ಮಕ್ಕಳ ಕಣ್ಣಿಗೂ ಅಷ್ಟೇ. ಅವರಲ್ಲಿ ಬಹಳ ಮಂದಿ ಕನ್ನಡವನ್ನು ಆಡಬಲ್ಲರು, ಓದಲಾರರು. ಓದಬಲ್ಲವರು ಕಣ್ಮರೆಯಾದ ದಿನ ಆ ಬರಹವನ್ನು ಕನ್ನಡವೆಂದು ಗುರುತಿಸುವವರೂ ಈ ಊರಿನಲ್ಲಿ ಉಳಿಯುವುದಿಲ್ಲ. ಹೊರನಾಡ ಕನ್ನಡಿಗರ ನಷ್ಟ ಹೆಚ್ಚಿನದೆಂದು ನಾನು ಮೊದಲಿಗೆ ಹೇಳಿದುದು ಈ ಕಾರಣಕ್ಕೆ.

ಪರಿಹಾರ ಕಷ್ಟದ್ದಲ್ಲ, ಆದರೆ ಯಂತ್ರವನ್ನು ಅಳಿಸುವ ಮುನ್ನ ಆಗಬೇಕು. ಫಾಂಟುಗಳನ್ನೂ ತಂತ್ರಾಂಶದ ಸ್ಥಾಪನಾ ಕಡತವನ್ನೂ ಬರವಣಿಗೆಯ ಜೊತೆಯಲ್ಲಿಯೇ ಒಂದು ಫೋಲ್ಡರಿನಲ್ಲಿ ಇಡಬೇಕು. ಕನ್ನಡವು ಸರಿಯಾಗಿ ಕಾಣುತ್ತಿರುವಾಗಲೇ ಪ್ರತಿಯೊಂದು ಕಡತದ ಪಿ.ಡಿ.ಎಫ್. ಪ್ರತಿಯನ್ನು, ಫಾಂಟು ಅದರೊಳಗೆ ಸೇರಿರುವಂತೆ ತೆಗೆಯಬೇಕು. ಬಳಿಕ ಬರವಣಿಗೆಯನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಅದಕ್ಕೆ ಬೇಕಾದ ಸಾಧನಗಳು ಬರಹ, ನುಡಿ ಎರಡರಲ್ಲಿಯೂ ದೊರೆಯುತ್ತವೆ. ಪರಿವರ್ತನೆಯಾದುದನ್ನು ಕನ್ನಡ ಬಲ್ಲವರು ಒಮ್ಮೆ ಓದಿ ತಿದ್ದುವುದು ಅವಶ್ಯ. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಕೂರುತ್ತದೆ. ಯೂನಿಕೋಡಿನಲ್ಲಿ ರಕಾರ ಮೊದಲು ಬರುತ್ತದೆ. ಇಂಥಲ್ಲಿಯೂ ಒತ್ತಕ್ಷರಗಳಲ್ಲಿಯೂ ಯಂತ್ರ ಎಡವುವುದುಂಟು. ನಮ್ಮ ತಂದೆಯವರ ನೂರನಲವತ್ತು ಪುಟಗಳನ್ನು ತಿದ್ದಲು ನನಗೆ ಒಂದು ಮಳೆಗಾಲ ಹಿಡಿಯಿತು. ಅವರಿದ್ದಾಗ ಅದನ್ನು ನಾನು ಓದಿರಲಿಲ್ಲವೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಈ ವಾದಕ್ಕೆ ಬರಬಹುದಾದ ಆಕ್ಷೇಪಣೆಗಳು ನನಗೆ ತಿಳಿಯದವಲ್ಲ. ಡಿ ಡ್ರೈವಿನಲ್ಲಿದ್ದರೆ ಭಯವಿಲ್ಲವೆಂಬುದು ಒಂದು. ಅನೇಕ ಯಂತ್ರಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಕೋಣೆಗಳು. ಮನೆ ಬಿದ್ದರೆ ಎರಡೂ ಬೀಳುತ್ತವೆ. ಅಳಿಸಿದುದನ್ನು ಮರಳಿ ಪಡೆಯಬಹುದಲ್ಲವೇ ಎಂಬುದು ಇನ್ನೊಂದು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಶೀಘ್ರ ಫಾರ್ಮ್ಯಾಟ್ ಎಂದರೆ ಪುಸ್ತಕದ ಪರಿವಿಡಿಯನ್ನು ಹರಿದಂತೆ. ಪುಟಗಳು ಒಳಗೆ ಇರುತ್ತವೆ, ಮೇಲೆ ಬೇರೇನನ್ನೂ ಬರೆಯದಿದ್ದರೆ ಕುಶಲರು ಕೆಲವನ್ನು ಹುಡುಕಿ ಕೊಡಬಲ್ಲರು. ಆದರೆ ಅದರ ಮೇಲೆಯೇ ಹೊಸ ವ್ಯವಸ್ಥೆಯನ್ನು ಸ್ಥಾಪಿಸಿದಾಗ ಹಳೆಯ ಪುಟಗಳ ಮೇಲೆ ಹೊಸ ಬರಹ ಬೀಳುತ್ತದೆ. ಇಂದಿನ ಎಸ್.ಎಸ್.ಡಿ.ಗಳಲ್ಲಿಯಂತೂ ಖಾಲಿಯಾದ ಜಾಗವನ್ನು ಡಿಸ್ಕೇ ತಾನಾಗಿ ಒರೆಸಿಕೊಳ್ಳುವ ಏರ್ಪಾಡು ಇರುವುದರಿಂದ ಆ ಆಸೆಯನ್ನು ಬಹುಮಟ್ಟಿಗೆ ಬಿಡಬೇಕು.

ಎಲ್ಲವನ್ನೂ ಅಂತರಜಾಲದ ಉಗ್ರಾಣಕ್ಕೆ ಹಾಕಿದರಾಯಿತು ಎಂಬುದು ಮೂರನೆಯ ಮಾತು. ಅದು ಒಳ್ಳೆಯ ಸಹಾಯ, ಬೇಡವೆನ್ನಲಾರೆ. ಆದರೆ ಉಚಿತವಾಗಿ ದೊರೆಯುವ ಜಾಗ ಒನ್‌ಡ್ರೈವಿನಲ್ಲಿ 5 ಜಿ.ಬಿ., ಗೂಗಲ್ಲಿನಲ್ಲಿ 15 ಜಿ.ಬಿ.; ತುಂಬಿದ ಮೇಲೆ ಹೊಸದು ಸೇರುವುದಿಲ್ಲ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುವಂತೆ ಜೋಡಿಸಿದ ಏರ್ಪಾಡನ್ನು ಪ್ರತಿ ಎನ್ನಲಾಗದು, ಅದು ಪ್ರತಿಬಿಂಬ. ಗುಪ್ತ ಫೋಲ್ಡರುಗಳಲ್ಲಿ ಇರುವುದನ್ನು ನಾವೇ ಎತ್ತಿ ಹಾಕದ ಹೊರತು ಅಲ್ಲಿಗೆ ಹೋಗುವುದೂ ಇಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಫಾರ್ಮ್ಯಾಟ್ ನಿಜವಾಗಿ ಬೇಕೇ ಎಂದು ಕೇಳಬೇಕು. ಯಂತ್ರ ನಿಧಾನವೆಂಬುದಷ್ಟೇ ದೂರಾದರೆ, ಹಳೆಯ ಹಾರ್ಡ್ ಡಿಸ್ಕನ್ನು ಬಿಚ್ಚಿಸಿ ಹೊಸ ಎಸ್.ಎಸ್.ಡಿ. ಹಾಕಿಸಿ ಅದರ ಮೇಲೆ ಹೊಸ ವ್ಯವಸ್ಥೆಯನ್ನು ಸ್ಥಾಪಿಸುವುದು ಎಲ್ಲಕ್ಕಿಂತ ಉತ್ತಮ ಮಾರ್ಗವೆಂದು ನನ್ನ ನಂಬಿಕೆ. ಹಳೆಯ ಡಿಸ್ಕು ಇದ್ದಂತೆಯೇ ಉಳಿಯುತ್ತದೆ, ಅದನ್ನು ಯು.ಎಸ್.ಬಿ. ಕೇಸಿನಲ್ಲಿ ಹಾಕಿಸಿಕೊಂಡರೆ ಬೇಕಾದಾಗ ನೋಡಬಹುದು. ಕಡೇಪಕ್ಷ ಆರು ತಿಂಗಳು ಅದನ್ನು ಯಾರಿಗೂ ಕೊಡಬಾರದು, ಅಳಿಸಬಾರದು. ಆದರೆ ಡಿಸ್ಕು ಬಿಟ್‌ಲಾಕರ್ ಬೀಗದಲ್ಲಿದ್ದರೆ ಅದರ 48 ಅಂಕಿಗಳ ಮರುಪ್ರಾಪ್ತಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು; ಅದಿಲ್ಲದೆ ಬಿಚ್ಚಿದ ಡಿಸ್ಕು ಬೇರೆಡೆ ತೆರೆಯದು. ಎರಡನೆಯದಾಗಿ, ಅಳಿಸಲೇಬೇಕಾದರೆ ಮುಖ್ಯವಾದುದರ ಎರಡು ಪ್ರತಿಗಳನ್ನು ಮಾಡಿ, ಒಂದನ್ನು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಮನೆಯಲ್ಲಿಯೂ ಇನ್ನೊಂದನ್ನು ಮಗಳ ಮನೆಯಲ್ಲಿಯೋ ಅಂತರಜಾಲದಲ್ಲಿಯೋ ಇಡಬೇಕು. ಪೆನ್ ಡ್ರೈವ್ ಸಾಗಿಸಲು ಯೋಗ್ಯ, ವರ್ಷಗಟ್ಟಲೆ ಕೂಡಿಡಲು ಅಲ್ಲ.

ಮೂರನೆಯ ಮಾತನ್ನು ಯಾರೂ ಮರೆಯಬಾರದು. ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿದ ಮೇಲೆಯೇ ಹಳೆಯದನ್ನು ಅಳಿಸಲು ಒಪ್ಪಿಗೆ ಕೊಡಬೇಕು. ಅಕ್ಷರ ಕಾಣುತ್ತದೆಯೇ, ಲೆಕ್ಕದ ಪುಸ್ತಕ ತೆರೆಯುತ್ತದೆಯೇ, ಚಿತ್ರ ಮೂಡುತ್ತದೆಯೇ ಎಂದು ಕಣ್ಣಾರೆ ಕಾಣಬೇಕು. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಬಾರದು. ಅಂದು ನಾನು ಒಂದು ಕಡತವನ್ನು ನೆರೆಮನೆಯ ಯಂತ್ರದಲ್ಲಿ ತೆರೆದಿದ್ದರೆ ಕನ್ನಡದ ತೊಡಕು ಆ ಕ್ಷಣವೇ ತಿಳಿಯುತ್ತಿತ್ತು. ಕೆಲಸದಿಂದ ಪಟ್ಟಿ ಮಾಡಿದ್ದರೆ ತಾಯಿಯವರ ದಾಖಲೆಯೂ ನೆನಪಾಗುತ್ತಿತ್ತು.

ಕೊನೆಯದಾಗಿ ನಮ್ಮ ಸಂಘಗಳಿಗೆ ಒಂದು ವಿನಂತಿ. ಸ್ಮರಣ ಸಂಚಿಕೆಗಳ ಹಳೆಯ ಪುಟಗಳು ಬಹುಪಾಲು ಪೇಜ್‌ಮೇಕರಿನಲ್ಲಿ, ಹಳೆಯ ಫಾಂಟುಗಳಲ್ಲಿ ಸಿದ್ಧವಾದುವು. ಆ ತಂತ್ರಾಂಶದ ಬೆಳವಣಿಗೆ 2001ರ 7ನೆಯ ಆವೃತ್ತಿಯೊಂದಿಗೆ ನಿಂತುಹೋಯಿತು. ಸದಸ್ಯರ ಪಟ್ಟಿ, ದತ್ತಿನಿಧಿಗಳ ವಿವರ, ನಾಟಕಗಳ ಹಸ್ತಪ್ರತಿ ಇವೆಲ್ಲ ಯಾವುದೋ ಕಾರ್ಯದರ್ಶಿಯ ಮನೆಯ ಯಂತ್ರದಲ್ಲಿ ಇರಬಹುದು. ಅವರೂ ಈ ವರ್ಷ ಅದನ್ನು ಅಳಿಸುವ ಯೋಚನೆಯಲ್ಲಿರಬಹುದು. ವರ್ಷಕ್ಕೊಮ್ಮೆ ರಕ್ತದೊತ್ತಡದ, ಕಣ್ಣಿನ ತಪಾಸಣಾ ಶಿಬಿರ ನಡೆಸುವ ಸಂಘವು ಅದೇ ಸಭಾಂಗಣದ ಒಂದು ಮೂಲೆಯಲ್ಲಿ ಎರಡು ಮೇಜು ಹಾಕಿ, ಕನ್ನಡ ಓದಬಲ್ಲ ಹಿರಿಯರೊಬ್ಬರನ್ನೂ ಯಂತ್ರ ಬಲ್ಲ ತರುಣರೊಬ್ಬರನ್ನೂ ಕೂರಿಸಿ, ಸದಸ್ಯರ ಹಳೆಯ ಕನ್ನಡ ಕಡತಗಳನ್ನು ಯೂನಿಕೋಡಿಗೆ ತಂದುಕೊಡಬಾರದೇ? ಖರ್ಚು ಕಡಿಮೆ. ಹಿರಿಯರಿಗೆ ತರುಣರ ಪರಿಚಯವಾಗುತ್ತದೆ. ತರುಣರಿಗೆ ಹಿರಿಯರು ಬರೆದಿಟ್ಟುದರ ಪರಿಚಯವೂ ಆಗುತ್ತದೆ.

ಊರಿನಿಂದ ಬರುವಾಗ ನಮ್ಮ ಹಿರಿಯರು ಟ್ರಂಕಿನಲ್ಲಿ ತಂದುದು ಸ್ವಲ್ಪವೇ. ಆಮೇಲೆ ಈ ಊರಿನಲ್ಲಿ ಕುಳಿತು ಬರೆದುದು ಹೆಚ್ಚು, ಅದರಲ್ಲಿ ಬಹುಭಾಗ ಈಗ ಯಂತ್ರಗಳೊಳಗಿದೆ. ರಿಪೇರಿಯ ಹುಡುಗ ಬಾಗಿಲು ತಟ್ಟುವ ಮುನ್ನ ಅದನ್ನು ನಮ್ಮ ಕೈಯಿಂದಲೇ ಇಳಿಸಿ ಹೊರಗಿಡೋಣ.